ಪುಟ್ಟಿಯ ಆವಕ–ಜಾವಕ ಪುಸ್ತಕದಲ್ಲಿ ಮಂಗಳೂರು

ಯಶವಂತಪುರದ ಎಪಿಎಂಸಿ ಯಾರ್ಡ್‌ನ ಒಂದು ಮಂಡಿಯಲ್ಲಿ ನಾನು 34 ವರ್ಷ ಗುಮಾಸ್ತನಾಗಿದ್ದೆ. ಬೆಳಗಿನ ಜಾವ ಲಾರಿಗಳಿಂದ ಇಳಿದ ಸರಕನ್ನು ಪುಸ್ತಕದ ಎಡಗಡೆ ಬರೆಯಬೇಕು, ಸಂಜೆ ಲಾರಿ ಹತ್ತಿ ಹೊರಟದ್ದನ್ನು ಬಲಗಡೆ. ಬಂದದ್ದು ಆವಕ, ಹೋದದ್ದು ಜಾವಕ. ಹೊರಡುವ ಚೀಲಗಳ ಮೇಲೆ ಬಣ್ಣದ ಬ್ರಷ್ಷಿನಲ್ಲಿ ಊರಿನ ಹೆಸರು ಬರೆಯುವುದೂ ನನ್ನದೇ ಕೆಲಸ. ಬೆಳ್ಳುಳ್ಳಿ, ಆಲೂಗೆಡ್ಡೆ, ಈರುಳ್ಳಿ ಚೀಲಗಳ ಮೇಲೆ ‘ಮಂಗಳೂರು’ ಎಂದು ಎಷ್ಟು ಸಾವಿರ ಸಲ ಬರೆದೆನೋ ಲೆಕ್ಕವಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಈ ಕಥೆ ಹೇಳುತ್ತಿದ್ದಾಗ, ಆರನೇ ಕ್ಲಾಸಿನ ನನ್ನ ಮೊಮ್ಮಗಳು ಪುಟ್ಟಿ ಕೇಳಿದಳು: “ಮಂಗಳೂರಿಗೆ ಹೋದ ಮೇಲೆ ಆ ಚೀಲಗಳು ಎಲ್ಲಿಗೆ ಹೋಗ್ತಿದ್ವು ತಾತ?”

“ಅಲ್ಲಿಯ ಅಂಗಡಿಗಳಿಗೆ. ಕೆಲವು ಬಂದರಿಗೆ. ಅಲ್ಲಿಂದ ದೋಣಿ ಹತ್ತಿ ದ್ವೀಪಗಳಿಗೆ ಹೋಗ್ತವೆ ಅಂತ ಲಾರಿಯವರು ಹೇಳ್ತಿದ್ರು.”

“ನೀನು ನೋಡಿದ್ದೀಯಾ?”

ನೋಡಿರಲಿಲ್ಲ. ಅಷ್ಟು ವರ್ಷ ಒಂದೂರಿನ ಹೆಸರು ಬರೆದವನು ಒಂದು ದಿನವಾದರೂ ಆ ಊರಿಗೆ ಹೋಗಿರಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಕೂಗಿದಳು: “ಮಂಡಿ ನೋವು ಜಾಸ್ತಿ ಆಗೋ ಮೊದಲು ನೋಡ್ಕೊಂಡು ಬಂದುಬಿಡೋಣ.” ಮೇ ಮೊದಲ ವಾರ ಮೂವರೂ ಹೊರಟೆವು. ಪುಟ್ಟಿ ಒಂದು ಹೊಸ ನೋಟ್‌ಬುಕ್ ತಗೊಂಡು ನಡುವೆ ಗೆರೆ ಎಳೆದು, ಎಡಕ್ಕೆ ‘ಆವಕ’, ಬಲಕ್ಕೆ ‘ಜಾವಕ’ ಎಂದು ಬರೆದಳು. ಮಂಗಳೂರಿನಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳಿ ಬರೆಯುವುದು ಅವಳ ಯೋಜನೆ.

57 ಸುರಂಗಗಳ ದಾರಿ

ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಹಗಲು ರೈಲು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳ, ಹಾಸನ ದಾಟಿ ಸಕಲೇಶಪುರ ಮುಟ್ಟುತ್ತದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್ ಶಿರಾಡಿ ಘಾಟಿಯ ಇಳಿತ. 50 ಅಡಿ ಮುಂದೆ ಹೋದರೆ ಹಳಿ 1 ಅಡಿ ಕೆಳಗಿಳಿಯುತ್ತದೆ. ರಸ್ತೆಗೆ ಇದು ಏನೂ ಅಲ್ಲ, ರೈಲಿಗೆ ಕಡಿದಾದ ಇಳಿಜಾರು. ಅದಕ್ಕೇ ಇಲ್ಲಿ ರೈಲು ಹೆಜ್ಜೆ ನೋಡಿ ಇಳಿಯುವ ಅಜ್ಜನಂತೆ ನಿಧಾನವಾಗಿ ಸಾಗುತ್ತದೆ. 2021ರ ಜುಲೈನಿಂದ ಈ ದಾರಿಯ ರೈಲಿಗೆ ದೊಡ್ಡ ಗಾಜಿನ ಕಿಟಕಿ, ಗಾಜಿನ ಚಾವಣಿ ಇರುವ ವಿಸ್ಟಾಡೋಮ್ ಬೋಗಿಯೂ ಬಂತು. ನಾವು ಕೂತದ್ದು ಸಾಮಾನ್ಯ ಬೋಗಿಯಲ್ಲೇ. ಕಾಡಿನ ಗಾಳಿ ಮುಖಕ್ಕೆ ಬಡಿಯಬೇಕಾದರೆ ಅದೇ ಸರಿ.

ಈ ದಾರಿಯಲ್ಲಿ 57 ಸುರಂಗಗಳಿವೆ. ಪುಟ್ಟಿ ಎಣಿಸಿದ್ದು 53. “ನಾಲ್ಕು ಎಲ್ಲಿ ಹೋದ್ವು?” ಎಂದು ಅವಳು ಗಾಬರಿಯಾದಾಗ, “ನೀನು ಪುಳಿಯೋಗರೆ ತಿನ್ನುವಾಗ ಹೋದ್ವು” ಎಂದಳು ಅಜ್ಜಿ.

ಬಯಲುಸೀಮೆಯಿಂದ ಬಂದರಿಗೆ ಸರಕು ಸಾಗಿಸಬೇಕಾದರೆ ಈ ಬೆಟ್ಟದ ಗೋಡೆ ದಾಟಲೇಬೇಕು. ಹಾಸನ–ಮಂಗಳೂರು ನಡುವೆ ಮೀಟರ್ ಗೇಜ್ ಹಳಿ ಪೂರ್ತಿಯಾದದ್ದು 1979ರಲ್ಲಿ. ಆಮೇಲೆ ಅದನ್ನು ಬ್ರಾಡ್ ಗೇಜ್ ಮಾಡಿ, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿಸಿದರು. ಇಳಿಯುತ್ತ ಇಳಿಯುತ್ತ ಸೆಕೆ ಏರಿತು, ಅಡಿಕೆ ತೋಟ ಬಂತು, ಕೆಂಪು ಹೆಂಚಿನ ಮನೆಗಳು ಬಂದವು. ಸಂಜೆ ಹೊತ್ತಿಗೆ ಮಂಗಳೂರು ಜಂಕ್ಷನ್.

ಒಂದು ಊರು, ನಾಲ್ಕು ಹೆಸರು

ಕನ್ನಡದಲ್ಲಿ ಮಂಗಳೂರು. ತುಳುವಿನಲ್ಲಿ ಕುಡ್ಲ. ಕೊಂಕಣಿಯಲ್ಲಿ ಕೊಡಿಯಾಲ. ಬ್ಯಾರಿ ಭಾಷೆಯಲ್ಲಿ ಮೈಕಾಲ. ನೇತ್ರಾವತಿ ಮತ್ತು ಗುರುಪುರ ಎಂಬ ಎರಡು ನದಿಗಳು ಕಡಲು ಸೇರುವ ಮುನ್ನ ಇಲ್ಲಿ ಕೂಡುತ್ತವೆ. ಹೀಗೆ ‘ಕೂಡುವ’ ಜಾಗವಾದ್ದರಿಂದಲೇ ಕುಡ್ಲ ಎನ್ನುತ್ತಾರೆ.

ಹಂಪನಕಟ್ಟೆಯ ಹತ್ತಿರ ಲಾಡ್ಜ್ ಹಿಡಿದೆವು. ಕೌಂಟರಿನವರು “ಚಾವಿ ತೆಕೊಳ್ಳಿ” ಎಂದು ಬೀಗದ ಕೈ ಕೊಟ್ಟರು. ಪುಟ್ಟಿಯ ಪುಸ್ತಕದ ಮೊದಲ ಆವಕ ಅಲ್ಲೇ ದಾಖಲಾಯಿತು. ಚಾವಿ ಪೋರ್ಚುಗೀಸರ ಮಾತು. ಅವರ ಜೊತೆ ಹಡಗಿನಲ್ಲಿ ಬಂದದ್ದು ಸರಕು ಮಾತ್ರವಲ್ಲ, ಮೇಜು, ಅನಾನಸು ಮುಂತಾದ ಪದಗಳೂ ಬಂದವು. ‘ಬಂದರು’ ಎನ್ನುವ ಪದವೇ ಪರ್ಷಿಯನ್ನರದು. “ಹಾಗಾದ್ರೆ ಪದಕ್ಕೂ ಲಾರಿ ಬಾಡಿಗೆ ಇರುತ್ತಾ ತಾತ?” ಎಂದು ಕೇಳಿದಳು. ಇಲ್ಲ, ಅದೊಂದೇ ಬಾಡಿಗೆ ಇಲ್ಲದ ಸರಕು.

ಹಂಪನಕಟ್ಟೆ ಎಂಬ ಹೆಸರಿಗೂ ಊರವರು ಒಂದು ಕಥೆ ಹೇಳುತ್ತಾರೆ. ಹಿಂದೆ ಅಪ್ಪಣ್ಣ ಎಂಬವರು ಇಲ್ಲೊಂದು ಕಟ್ಟೆಯಲ್ಲಿ ಕೂತು ದಾರಿಹೋಕರಿಗೆ ನೀರು ಕೊಡುತ್ತಿದ್ದರಂತೆ. ಅಪ್ಪಣ್ಣನ ಕಟ್ಟೆ ಬಾಯಿಂದ ಬಾಯಿಗೆ ಹೋಗಿ ಹಂಪನಕಟ್ಟೆ ಆಯಿತಂತೆ. ಕೆಲವು ವರ್ಷಗಳ ಹಿಂದೆ ರಸ್ತೆ ಕಾಮಗಾರಿಗೆ ಅಗೆದಾಗ ಇಲ್ಲಿಯ ಸಿಗ್ನಲ್ ಬಳಿ ಹಳೆಯ ಬಾವಿಯೊಂದು ನಿಜಕ್ಕೂ ಸಿಕ್ಕಿತು. ಇವತ್ತು ಅದೇ ಊರಿನ ನಡುಮಧ್ಯ. ಬಟ್ಟೆ, ಚಿನ್ನ, ಪುಸ್ತಕ, ಐಸ್‌ಕ್ರೀಮ್ ಎಲ್ಲ ಅಂಗಡಿಗಳಿಗೂ ಇಲ್ಲಿಂದಲೇ ದಾರಿ.

ಬಾವುಟದ ಗುಡ್ಡ, ಬಣ್ಣದ ಚಾವಣಿ

ಮರುದಿನ ಬೆಳಿಗ್ಗೆ ಮೊದಲು ಹೋದದ್ದು ಬಾವುಟಗುಡ್ಡೆಗೆ. ಹಂಪನಕಟ್ಟೆಯಿಂದ ಏರುದಾರಿ. ನಾನು ಆಟೋ ಹಿಡಿದೆ, ಅಜ್ಜಿ–ಮೊಮ್ಮಗಳು ನಡೆದೇ ಬಂದರು. ಮೇಲೆ ಹಳೆಯ ದೀಪಸ್ತಂಭ, ಪಕ್ಕದಲ್ಲಿ ಠಾಗೋರ್ ಪಾರ್ಕ್, ಮರಗಳ ಆಚೆ ಸಮುದ್ರದ ನೀಲಿ ಗೆರೆ.

1837ರ ಏಪ್ರಿಲ್ 5ರಂದು ಸುಳ್ಯ, ಕೊಡಗಿನ ಕಡೆಯ ರೈತರು ಬ್ರಿಟಿಷರ ವಿರುದ್ಧ ದಂಡೆತ್ತಿ ಬಂದು, ಈ ಗುಡ್ಡದ ಮೇಲಿದ್ದ ಕಂಪನಿಯ ಬಾವುಟ ಇಳಿಸಿ ತಮ್ಮ ಬಾವುಟ ಏರಿಸಿದರು. ಸಿಪಾಯಿ ದಂಗೆಗಿಂತ ಅದು 20 ವರ್ಷ ಮೊದಲು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಬ್ರಿಟಿಷರಿಗೆ ಸಮುದ್ರದ ದಾರಿಯಿಂದ ಹೆಚ್ಚಿನ ಸೈನ್ಯ ಬಂತು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಇಲ್ಲೇ ಇದೆ. ಪುಟ್ಟಿ ಬರೆದಳು, ಆವಕ: ಬ್ರಿಟಿಷ್ ಸೈನ್ಯ. ಸ್ವಲ್ಪ ಹೊತ್ತು ಪೆನ್ನು ಕಚ್ಚಿ ಯೋಚಿಸಿ ಸೇರಿಸಿದಳು, ಜಾವಕ: 1947ರಲ್ಲಿ.

ಅಲ್ಲೇ ಹತ್ತಿರದಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಹೊರಗಿನಿಂದ ನೋಡಿದರೆ ಸಾದಾ ಕಟ್ಟಡ. ಒಳಗೆ ಹೆಜ್ಜೆ ಇಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲ ಚಿತ್ರಮಯ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಬ್ರದರ್ ಸುಮಾರು 1900ರ ಹೊತ್ತಿಗೆ ಇದನ್ನೆಲ್ಲ ಬರೆದರು. ಚಾವಣಿಯ ಚಿತ್ರ ನೋಡಲು ಎಲ್ಲರೂ ಕತ್ತು ಎತ್ತಿ ನಿಂತಿದ್ದರು. “ಬರೆದವರಿಗೆ ಕತ್ತು ಎಷ್ಟು ನೋವಾಗಿರಬೇಕು!” ಎಂದಳು ಅಜ್ಜಿ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಮತ್ತೆ ಊರಿಗೆ ಹೋಗಲಿಲ್ಲ.

ರಥಬೀದಿಯಲ್ಲಿ ಮಲ್ಲಿಗೆಯ ಲೆಕ್ಕ

ಗುಡ್ಡ ಇಳಿದು, ಹಂಪನಕಟ್ಟೆ ದಾಟಿ ರಥಬೀದಿಗೆ ಬಂದೆವು. ಮಂಗಳೂರಿನ ಬಜಾರುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ವೆಂಕಟರಮಣ ದೇವಸ್ಥಾನದ ಎದುರು ಚಾಚಿದ ಬೀದಿ. ರಥಸಪ್ತಮಿಗೆ ಕೊಡಿಯಾಲ ತೇರು ಎಳೆಯುವುದು ಇಲ್ಲೇ. ಉಳಿದ ದಿನಗಳಲ್ಲಿ ಹೂವು, ಕುಂಕುಮ, ಪೂಜೆ ಸಾಮಾನು, ಸೀರೆ, ಬೆಳ್ಳಿ, ಹಪ್ಪಳ ಉಪ್ಪಿನಕಾಯಿ. ಬೆಂಗಳೂರಿನ ಚಿಕ್ಕಪೇಟೆಯ ಹಾಗೆ ನೂಕುನುಗ್ಗಲಿಲ್ಲ. ಅಂಗಡಿಯವರು “ಎಂತ ಬೇಕು?” ಎಂದು ಒಮ್ಮೆ ಕೇಳಿ, ನೋಡುವುದಕ್ಕೆ ಬಿಡುತ್ತಾರೆ.

ಹೂವಿನ ಸಾಲಿನಲ್ಲಿ ಅಜ್ಜಿ ನಿಂತಳು. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಉಡುಪಿ ಮಲ್ಲಿಗೆ.

“ಮೊಳ ಎಷ್ಟಮ್ಮಾ?”

ಹೂವಿನ ಹೆಂಗಸು ನಕ್ಕರು. “ಮೊಳದಲ್ಲಿ ಇಲ್ಲ ಅಮ್ಮ. ನಮ್ಮದು ಚೆಂಡಿನ ಲೆಕ್ಕ. ದೊಡ್ಡದು ಬೇಕಾದರೆ ಅಟ್ಟೆ ಉಂಟು.”

ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಪುಟ್ಟಿ ತಕ್ಷಣ ಗುಣಿಸಿದಳು: 3,200 ಹೂವು! ಅಷ್ಟನ್ನೂ ಉಡುಪಿಯ ಬಳಿಯ ಶಂಕರಪುರ ಮುಂತಾದ ಊರುಗಳ ಮನೆಗಳಲ್ಲಿ ಬೆಳಗಿನ ಹೊತ್ತು ಬಿಡಿಸಿ, ಕೈಯಲ್ಲೇ ಕಟ್ಟಿ ಕಳಿಸುತ್ತಾರೆ. ದರ ದಿನಕ್ಕೊಂದು. ಮದುವೆ ಸೀಸನ್ನಿನಲ್ಲಿ ಏರುತ್ತದೆ, ಜೋರು ಮಳೆ ಬಂದರೆ ಹೂವೇ ಸಿಗುವುದಿಲ್ಲ. ಮುಂಬಯಿಗೂ ಕೊಲ್ಲಿ ದೇಶಗಳಿಗೂ ಈ ಮಲ್ಲಿಗೆ ಹೋಗುತ್ತದೆ. ಜಾವಕದ ಕಡೆ ಪುಟ್ಟಿಯ ಮೊದಲ ಘಮಘಮ ಸರಕು ಇದು.

ಅಂಗಡಿ ಸಾಲಿನಲ್ಲಿ ಅಜ್ಜಿ ಗೇರುಬೀಜ, ಒಣಮೆಣಸು, ಕರಿಮೆಣಸು ತಗೊಂಡಳು. ಮೂರನ್ನೂ ಒಂದೇ ಚೀಲಕ್ಕೆ ಹಾಕುವಾಗ ನಾನು ಪುಟ್ಟಿಗೆ ಒಂದು ಒಗಟು ಹಾಕಿದೆ: “ಇದರಲ್ಲಿ ಯಾವುದು ನಮ್ಮದು?” ಅವಳು ಮೂರೂ ಎಂದಳು. ಉತ್ತರ ಒಂದೇ, ಕರಿಮೆಣಸು. ಗೇರು ಮರವನ್ನೂ ಮೆಣಸಿನಕಾಯಿಯನ್ನೂ ದಕ್ಷಿಣ ಅಮೆರಿಕದ ಕಡೆಯಿಂದ ಪೋರ್ಚುಗೀಸರು ತಂದದ್ದು. ಅವರು ಬಂದದ್ದೋ, ನಮ್ಮ ಕರಿಮೆಣಸು ಹುಡುಕಿಕೊಂಡು! ಕರಿಮೆಣಸು ಹಡಗು ಹತ್ತಿತು, ಕೆಂಪು ಮೆಣಸು ಹಡಗು ಇಳಿಯಿತು. ಈಗ ಮೆಣಸಿನಕಾಯಿ ಇಲ್ಲದ ಸಾರು ಯಾರ ಮನೆಯಲ್ಲಿದೆ?

ಮಧ್ಯಾಹ್ನ ನೀರುದೋಸೆ, ಸಂಜೆ ಗೋಳಿಬಜೆ. ನಡುವೆ ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಹಣ್ಣು, ಜೆಲ್ಲಿ ಪದರ ಪದರವಾಗಿ ತುಂಬಿದ ಗಡ್‌ಬಡ್. ಅದನ್ನು ಯಾವ ಕಾಲಂನಲ್ಲಿ ಬರೆಯಲಿ ಎಂದು ಪುಟ್ಟಿ ಕೇಳುವಷ್ಟರಲ್ಲಿ ಗ್ಲಾಸು ಖಾಲಿಯಾಗಿತ್ತು.

900 ವರ್ಷದ ಹಿಂದಿನ ಸಾಮಾನು ಚೀಟಿ

ಈ ಊರಿನ ಆವಕ–ಜಾವಕ ಪುಸ್ತಕ ಪುಟ್ಟಿಗಿಂತ ಬಹಳ ಮೊದಲೇ ಒಬ್ಬರು ಬರೆದಿಟ್ಟಿದ್ದಾರೆ. ಆಫ್ರಿಕದ ಉತ್ತರ ಕರಾವಳಿಯ ಟ್ಯುನೀಷಿಯದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1130ರ ದಶಕದಿಂದ 1149ರವರೆಗೆ ಮಂಗಳೂರು ಕರಾವಳಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ. ಮದುವೆಯಾಗಿ ಸಂಸಾರ ಹೂಡಿದ್ದೂ ಇಲ್ಲೇ. ಅವನಿಗೆ ಬಂದ, ಅವನು ಬರೆದ ಕಾಗದಗಳು ಈಜಿಪ್ಟಿನ ಕೈರೊದ ಒಂದು ಹಳೆಯ ಯಹೂದಿ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಶತಮಾನಗಟ್ಟಲೆ ಹಾಗೆಯೇ ಉಳಿದಿದ್ದವು. ಇಲ್ಲಿಂದ ಅವನು ಅಡಿಕೆ, ಕರಿಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಏಡನ್ ಬಂದರಿನ ಗೆಳೆಯರು ಅವನ ಮನೆಗೆ ಸಕ್ಕರೆ, ಒಣದ್ರಾಕ್ಷಿ, ಚಾಪೆ, ಮತ್ತೆ ಬರೆಯಲು ಕಾಗದ ಕಳಿಸುತ್ತಿದ್ದರು. ತಾಳೆಗರಿಯಲ್ಲಿ ಬರೆಯುವ ನಾಡಿನಲ್ಲಿ ಕಾಗದ ಎಲ್ಲಿ ಸಿಗಬೇಕು? ತಾಮ್ರ, ಹಳೆಯ ಪಾತ್ರೆಗಳೂ ಬರುತ್ತಿದ್ದವು. ಅವನ್ನು ಇಲ್ಲಿಯ ಕೆಲಸಗಾರರು ಕರಗಿಸಿ ಹೊಸ ಪಾತ್ರೆ ಮಾಡಿಕೊಡುತ್ತಿದ್ದರು.

ಅವನ ಸರಕು ಹೊತ್ತು ಏಡನ್‌ವರೆಗೆ ಹೋಗಿ ಬರುತ್ತಿದ್ದ ಊಳಿಗದವನ ಹೆಸರು ಬೊಮ್ಮ ಎಂದೂ, ಅವನು ತುಳುನಾಡಿನವನೆಂದೂ ಲೇಖಕ ಅಮಿತಾವ್ ಘೋಷ್ ಗುರುತಿಸಿದ್ದಾರೆ. ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ (1992) ಪುಸ್ತಕ ಹುಟ್ಟಿದ್ದೇ ಬೊಮ್ಮನನ್ನು ಹುಡುಕುತ್ತ. ರಾಜರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಸರಕು ಹೊತ್ತವನ ಹೆಸರು ಉಳಿದದ್ದು ಒಂದು ವ್ಯಾಪಾರದ ಕಾಗದದಲ್ಲಿ. ಗುಮಾಸ್ತನಾಗಿದ್ದ ನನಗೆ ಇದು ಯಾಕೋ ಬಹಳ ಸಂತೋಷ ಕೊಟ್ಟಿತು.

ಹೆಂಚು ಮತ್ತು ಪತ್ರಿಕೆ

ಯಶವಂತಪುರದ ನಮ್ಮ ಹಳೆಯ ಮನೆಯ ಹೆಂಚುಗಳ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರಗಳೂ 1865 ಎಂಬ ಅಂಕಿಯೂ ಇದ್ದವು. ಚಿಕ್ಕವನಿದ್ದಾಗ ಅದು ಮನೆ ಕಟ್ಟಿದ ವರ್ಷ ಎಂದುಕೊಂಡಿದ್ದೆ. ಅಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪು ಬಳಿ ನೇತ್ರಾವತಿ ದಡದಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ನದಿ ತಂದ ಜೇಡಿಮಣ್ಣು, ಘಾಟಿಯ ಸೌದೆ, ಸಾಗಿಸಲು ಬಂದರು, ಮೂರೂ ಒಂದೇ ಕಡೆ. ಒಂದರ ಮೇಲೊಂದು ಕೊಂಡಿ ಹಾಕಿಕೊಳ್ಳುವ ಈ ಹೆಂಚು ಹಗುರ, ಮಳೆಗೆ ಭದ್ರ. ಹೀಗಾಗಿ ದೇಶ ವಿದೇಶಗಳ ಚಾವಣಿ ಏರಿತು. ಕಾಂಕ್ರೀಟ್ ತಾರಸಿ ಬಂದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಬಂದರಿನ ಹಳೆಯ ಗೋದಾಮುಗಳ ಮೇಲೆ ಮಾತ್ರ ಆ ಹೆಂಚು ಇನ್ನೂ ಮಳೆ ತಡೆಯುತ್ತಿದೆ.

ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ಫರ್ಡಿನೆಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಊರಿನಲ್ಲೇ. ಮಕ್ಕಳೇ, ಈಗ ನಿಮ್ಮ ಕೈಯಲ್ಲಿರುವ ಈ ವಾರಪತ್ರಿಕೆಯ ಮುತ್ತಜ್ಜಿ ಮಂಗಳೂರಿನವಳು!

ಬಂದರಿನಲ್ಲಿ ಮಂಜಿ

ಎರಡನೇ ದಿನ ಬೆಳಕು ಹರಿಯುವ ಮುನ್ನ ಧಕ್ಕೆಗೆ ಹೋದೆವು. ಧಕ್ಕೆ ಎಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆ. ಬಂಗುಡೆ, ಬೂತಾಯಿ, ಅಂಜಲ್ ಬುಟ್ಟಿ ಬುಟ್ಟಿಯಾಗಿ ಇಳಿಯುತ್ತಿತ್ತು. ಏಲಂ ಕೂಗುವವರ ಮಾತು ತುಳುವೋ ಬ್ಯಾರಿಯೋ ತಿಳಿಯದಷ್ಟು ವೇಗ. ಒಬ್ಬ ಹೆಂಗಸು “ಮಾಂಜಿ ಉಂಟು, ಮಾಂಜಿ” ಎಂದು ಕೂಗಿದರು. ಪುಟ್ಟಿ ಓಡಿಹೋಗಿ ನೋಡಿದರೆ ಅಗಲವಾದ ಬೆಳ್ಳಿಯಂಥ ಮೀನು! “ತಾತ, ಮಂಜಿ ಅಂದ್ರೆ ದೋಣಿ ಅಂದಿದ್ದೆ?” ಮೀನಿನ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದು ಮಾಂಜಿ ಮೀನು ಮಗಾ. ಮಂಜಿ ಬೇಕಾದರೆ ಆಚೆ ಹೋಗು, ಹಳೆ ಬಂದರಿಗೆ.”

ಆಚೆ ಹೋದೆವು. ಕಿರಿದಾದ ಬೀದಿಗಳು, ಎರಡೂ ಬದಿ ಗೋದಾಮು. ಒಣಮೀನು, ಕೊಬ್ಬರಿ, ಬೆಲ್ಲ, ಹಗ್ಗದ ವಾಸನೆ ಒಂದರ ಮೇಲೊಂದು. ಆ ವಾಸನೆ ನನಗೆ ಹೊಸದಲ್ಲ. ಒಣಮೀನು ತೆಗೆದರೆ ನಮ್ಮ ಯಾರ್ಡ್‌ನದೇ ವಾಸನೆ. ಇದೇ ಬಂದರಿನ ಬಡಾವಣೆಯಲ್ಲಿ ಝೀನತ್ ಬಕ್ಷ್ ಜುಮ್ಮಾ ಮಸೀದಿ ಇದೆ, ಕೆತ್ತನೆಯ ಮರದ ಕಂಬಗಳಿಗೆ ಹೆಸರಾದದ್ದು. ಅರಬ್ ವರ್ತಕರ ಕಾಲದ್ದೆಂದು ಊರಿನ ನಂಬಿಕೆ.

ಕಾವಲುಗಾರರನ್ನು ಕೇಳಿಕೊಂಡು ದಡಕ್ಕೆ ಬಂದೆವು. ಮೂರು ಮಂಜಿಗಳು ನಿಂತಿದ್ದವು. ಮರದ ದೊಡ್ಡ ಸರಕು ದೋಣಿಗಳು, ಮುಂದೆ ಚೂಪು, ಹೊಟ್ಟೆ ಅಗಲ. ಈಗ ಇಂಜಿನ್ನಿನಿಂದ ಓಡುತ್ತವೆ. ಇವು ಹೋಗುವುದು ನೂರಾರು ಕಿಲೋಮೀಟರ್ ಆಚೆಯ ಲಕ್ಷದ್ವೀಪಕ್ಕೆ. ಅಲ್ಲಿರುವ 36 ದ್ವೀಪಗಳಲ್ಲಿ ಜನ ವಾಸ ಮಾಡುವುದು 10ರಲ್ಲಿ. ತೆಂಗು, ಮೀನು ಬಿಟ್ಟರೆ ಹೆಚ್ಚಿನದೆಲ್ಲ ಹೊರಗಿನಿಂದಲೇ ಬರಬೇಕು. ಅಕ್ಕಿ, ಬೇಳೆ, ತರಕಾರಿ, ಸಿಮೆಂಟು, ಜಲ್ಲಿ, ಕಡೆಗೆ ಮೇಕೆಗಳೂ ಮಂಜಿ ಹತ್ತುತ್ತವೆ. ಬರುವಾಗ ಕೊಬ್ಬರಿ, ಒಣಮೀನು. ಈ ನಂಟು ಹಳೆಯದು. 1956ರ ನವೆಂಬರ್ 1ರವರೆಗೆ ಅಮಿನಿ ಮುಂತಾದ ಉತ್ತರದ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮೈಸೂರು ರಾಜ್ಯ ಒಂದಾದ ದಿನವೇ ಅವು ಕೇಂದ್ರಾಡಳಿತಕ್ಕೆ ಹೋದವು. ಆದರೆ ಸರಕಿನ ದಾರಿ ಬದಲಾಗಲಿಲ್ಲ.

ಹಲಗೆಯ ಮೇಲೆ ಹಮಾಲರು ಚೀಲ ಹೊತ್ತು ಓಡುತ್ತಿದ್ದರು. ಆ ಆತುರಕ್ಕೆ ಕಾರಣ ಇತ್ತು. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಮಂಜಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಳೆಗಾಲದ ಕಡಲು ಮರದ ದೋಣಿಯನ್ನು ಬಿಡುವುದಿಲ್ಲ. ದೊಡ್ಡ ಹಡಗುಗಳು ಇದ್ದರೂ, ಈ ಹತ್ತು ದಿನದಲ್ಲಿ ಹೋದಷ್ಟು ಸಾಮಾನು ದ್ವೀಪದ ಅಂಗಡಿಗಳಿಗೆ ಮಳೆಗಾಲದ ದಾಸ್ತಾನು.

ಹಮಾಲರೊಬ್ಬರು ಬೆವರು ಒರೆಸಿಕೊಳ್ಳುತ್ತ ನಿಂತರು. ಬಾಗಲಕೋಟೆ ಕಡೆಯವರು. “ಉಳ್ಳಾಗಡ್ಡಿ ನಮ್ಮ ಕಡೀದ್ರೀ, ಹುಬ್ಬಳ್ಳೀದು” ಎಂದರು. ಚೀಟಿ ಹಿಡಿದ ಗುಮಾಸ್ತರು “ನೀರುಳ್ಳಿ ಆಯ್ತಾ?” ಎಂದು ಕೂಗಿದರು. ನಾನು ಪುಟ್ಟಿಗೆ “ಈರುಳ್ಳಿ” ಎಂದು ಹೇಳುತ್ತಿದ್ದೆ. ಒಂದೇ ಚೀಲಕ್ಕೆ ಮೂರು ಕನ್ನಡ!

“ಬೆಂಗಳೂರಿನ ಮಾಲು ಏನಾದರೂ ಇದೆಯಾ?” ಎಂದು ಆ ಗುಮಾಸ್ತರನ್ನು ಕೇಳಿದೆ. ಮೂವತ್ತು ದಾಟದ ಹುಡುಗ. ಯಾಕೆ ಎಂದು ನೋಡಿದರು. ನನ್ನ ಕೆಲಸದ ವಿಷಯ ಹೇಳಿದೆ. ಅವರು ಚೀಟಿಗಳನ್ನು ತಿರುವಿದರು. “ಉಂಟು. ಬೆಳ್ಳುಳ್ಳಿ 40 ಚೀಲ, ಯಶವಂತಪುರ ಯಾರ್ಡ್. ಅಮಿನಿಗೆ ಹೋಗ್ಲಿಕ್ಕೆ.” ಮೂಲೆಯ ಚೀಲಗಳನ್ನು ತೋರಿಸಿದರು.

ಹತ್ತಿರ ಹೋಗಿ ನೋಡಿದೆ. ಯಾರದೋ ಕೈಬರಹದಲ್ಲಿ ಮಂಗಳೂರು ಎಂದು ಬರೆದಿತ್ತು. ‘ಳೂ’ ಚೀಲದ ಹೊಲಿಗೆಗೆ ಸಿಕ್ಕಿ ಅಳಿಸಿಹೋಗಿತ್ತು. ನಾನೂ ಹೊಲಿಗೆಯ ಹತ್ತಿರ ಬರೆದು ಯಜಮಾನರಿಂದ ಬೈಸಿಕೊಂಡವನೇ. ಕೈ ಇಟ್ಟು ನೋಡಿದೆ, ಅಷ್ಟೆ. ಒಂದು ಮಾತೂ ಹೊರಡಲಿಲ್ಲ. ಪುಟ್ಟಿ ನನ್ನ ಮುಖ ನೋಡಿ, ಏನೂ ಕೇಳದೆ, ಪುಸ್ತಕ ತೆಗೆದು ಬರೆದಳು. ಜಾವಕ: ನಮ್ಮೂರಿನ ಬೆಳ್ಳುಳ್ಳಿ, 40 ಚೀಲ, ಅಮಿನಿ ದ್ವೀಪಕ್ಕೆ.

ಬತ್ತೇರಿಯಿಂದ ಪಣಂಬೂರಿಗೆ

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ನದಿಯ ದಡದಲ್ಲಿ ಕರಿಕಲ್ಲಿನ ಗಿಡ್ಡ ಕೋಟೆ. ಶತ್ರುಗಳ ಹಡಗು ನದಿಯೊಳಗೆ ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಗೋಡೆಯ ಕಿಂಡಿಗಳಲ್ಲಿ ಈಗ ಫಿರಂಗಿಯ ಬದಲು ಮಕ್ಕಳ ಮುಖಗಳು. ಪಕ್ಕದಿಂದಲೇ ದೋಣಿ ಹತ್ತಿ ಕೆಲವೇ ನಿಮಿಷದಲ್ಲಿ ತಣ್ಣೀರುಬಾವಿ ಕಡಲತೀರ. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮೊದಲ ಸಲ ಅಲೆಗೆ ಕಾಲು ಕೊಟ್ಟಳು. ಪುಟ್ಟಿಗಿಂತ ಅವಳದೇ ಕೂಗು ಜೋರು.

ಕೊನೆಯ ದಿನ ಕದ್ರಿ ದೇವಸ್ಥಾನದಲ್ಲಿ ಕಂಚಿನ ಲೋಕೇಶ್ವರನನ್ನು ನೋಡಿದೆವು. ಆಳುಪ ರಾಜ ಕುಂದವರ್ಮ ಇದನ್ನು ಪ್ರತಿಷ್ಠಾಪಿಸಿದ್ದು 968ರಲ್ಲಿ ಎಂದು ಪೀಠದ ಶಾಸನ ಹೇಳುತ್ತದೆ. ಸಾವಿರ ವರ್ಷ ದಾಟಿದರೂ ಮುಖದ ಮಂದಹಾಸ ಹಾಗೇ ಇದೆ. ಕಂಚಿಗೆ ಬೇಕಾದ ತಾಮ್ರ, ತವರ ಈ ಕರಾವಳಿಯ ನೆಲದಲ್ಲಿ ಸಿಗುವುದಿಲ್ಲ. ಪುಟ್ಟಿ ತಾನಾಗಿಯೇ ಬರೆದಳು, ಆವಕ.

ಅಲ್ಲಿಂದ ಪಣಂಬೂರು. ಹಳೆ ಬಂದರಿನಲ್ಲಿ ನದಿ ತರುವ ಹೂಳಿನಿಂದ ಆಳ ಸಾಲದು. ದೊಡ್ಡ ಹಡಗುಗಳು ದೂರದ ಕಡಲಲ್ಲೇ ನಿಂತು ದೋಣಿಗಳಿಗೆ ಸರಕು ಇಳಿಸಬೇಕಿತ್ತು. ಅದಕ್ಕೇ ಇಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು. 1974ರ ಮೇ 4ರಂದು ಇದು ದೇಶದ ಒಂಬತ್ತನೆಯ ಮಹಾಬಂದರಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಇದಕ್ಕಾಗಿ ದೆಹಲಿಗೆ ಅಲೆದು ದುಡಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು 1965ರಲ್ಲೇ ತೀರಿಕೊಂಡಿದ್ದರು. ತಾವು ಬೇಡಿದ ಬಂದರಿಗೆ ಹಡಗು ಬಂದದ್ದನ್ನು ಅವರು ನೋಡಲಿಲ್ಲ. ಪಣಂಬೂರು ಕಡಲತೀರದಲ್ಲಿ ನಿಂತರೆ ಸರದಿಗಾಗಿ ಕಾಯುವ ಹಡಗುಗಳು ಕಾಣುತ್ತವೆ. ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು ಒಳಗೆ, ಕಾಫಿ, ಗ್ರಾನೈಟ್ ಹೊರಗೆ. ಪುಟ್ಟಿ ಲೆಕ್ಕ ಹಾಕಿದಳು: “ನಮ್ಮ ಮನೆ ಗ್ಯಾಸೂ ಇಲ್ಲಿಂದ ಬಂದಿರಬಹುದಾ ತಾತ?” ಇರಬಹುದು.

ಆ ರಾತ್ರಿ ಬಸ್ಸು ಹತ್ತಿ ಊರಿಗೆ ಮರಳಿದೆವು. ಜುಲೈನಲ್ಲಿ ಯಶವಂತಪುರದಲ್ಲಿ ಎರಡು ದಿನ ಬಿಡದೆ ಮಳೆ ಹಿಡಿಯಿತು. ಶಾಲೆಯಿಂದ ನೆನೆದು ಬಂದ ಪುಟ್ಟಿ ಬ್ಯಾಗ್ ಇಳಿಸುತ್ತಲೇ ಕೇಳಿದಳು: “ತಾತ, ಅಮಿನಿಯಲ್ಲಿ ನಮ್ಮ ಬೆಳ್ಳುಳ್ಳಿ ಇನ್ನೂ ಉಳಿದಿರುತ್ತಾ?” ಸೆಪ್ಟೆಂಬರ್‌ವರೆಗೆ ಬರಬೇಕಲ್ಲ, ಅಲ್ಲಿಯ ಅಜ್ಜಿಯರು ಎಣಿಸಿ ಎಣಿಸಿ ಹಾಕುತ್ತಿರುತ್ತಾರೆ ಎಂದೆ. ನಮ್ಮ ಅಜ್ಜಿ ಒಗ್ಗರಣೆಗೆ ಸುಲಿಯುತ್ತಿದ್ದ ಆರು ಎಸಳಿನಲ್ಲಿ ಎರಡನ್ನು ತೆಗೆದು ಡಬ್ಬಿಗೆ ಹಾಕಿದಳು.

ಹೋಗುವವರಿಗೆ ನಾಲ್ಕು ಮಾತು

• ಘಾಟಿಯ ಚೆಲುವಿಗೆ ಹಗಲು ರೈಲೇ ಸರಿ. ವಾರದ ಎಲ್ಲ ದಿನ ಇರುವುದಿಲ್ಲ, ವಿಚಾರಿಸಿಕೊಂಡು ಮುಂಗಡ ಟಿಕೆಟ್ ಮಾಡಿಸಿ.

• ಮಂಜಿ ನೋಡಬೇಕಾದರೆ ಸೆಪ್ಟೆಂಬರ್ ನಡುವಿನಿಂದ ಮೇ ನಡುವಿನ ಒಳಗೆ ಹೋಗಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೂ ರಜೆ, ಧಕ್ಕೆ ಖಾಲಿ ಇರುತ್ತದೆ. ದಡದಲ್ಲಿ ಕೆಲಸಗಾರರ ದಾರಿಗೆ ಅಡ್ಡ ನಿಲ್ಲಬೇಡಿ.

• ಮಂಡಿ ನೋವಿರುವ ಅಜ್ಜ–ಅಜ್ಜಿಯರು ಬಾವುಟಗುಡ್ಡೆಗೆ ಆಟೋದಲ್ಲಿ ಏರಿ, ನಡೆದು ಇಳಿಯಬಹುದು. ರಥಬೀದಿಗೆ ಬೆಳಗಿನ ಹೊತ್ತು ಒಳ್ಳೆಯದು, ಆಗ ಹೂವೂ ತಾಜಾ, ಬಿಸಿಲೂ ಕಡಿಮೆ.

• ಮಕ್ಕಳೇ, ದೂರ ಹೋಗಲಾಗದಿದ್ದರೆ ನಿಮ್ಮ ಅಡುಗೆಮನೆಯಲ್ಲೇ ಆವಕ ಪುಸ್ತಕ ಶುರುಮಾಡಿ. ಹತ್ತು ಡಬ್ಬಿ ತೆರೆದು, ಒಳಗಿರುವುದು ಯಾವ ಊರಿನಿಂದ ಬಂತು ಎಂದು ಅಜ್ಜಿಯನ್ನು ಕೇಳಿ ಬರೆಯಿರಿ. ಎಷ್ಟು ಹಡಗು, ಎಷ್ಟು ಲಾರಿ, ಎಷ್ಟು ರೈಲು ನಿಮ್ಮ ಮನೆಗೆ ಬಂದಿವೆ ಎಂದು ಆಗ ತಿಳಿಯುತ್ತದೆ.